ಎರಡು ಹೆಸರು, ಒಂದು ಬಸ್ಸು

ಹೋದ ಶನಿವಾರ ಭಾಲ್ಕಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಕೂಡಲೇ ಲವಂಗದೆಣ್ಣೆಯ ವಾಸನೆ ಬಂತು. ಕಾಯುತ್ತ ಕೂತವರೆಲ್ಲ ಮೊಬೈಲು ನೋಡುತ್ತಿದ್ದರು. ನಾನು ಮಾತ್ರ ಬೀದರಿನಲ್ಲಿ, ಚೌಬಾರಾ ಗೋಪುರದ ಹಿಂದಿನ ಗಲ್ಲಿಯ ಆ ಮಾಳಿಗೆ ಕೋಣೆಯಲ್ಲಿದ್ದೆ. ಅಲ್ಲಿ ನನಗೆ ಕೆಲಸ ಕಲಿಸಿದ ಆಪಾ ಒಂದು ಕೈಯಲ್ಲಿ ದವಡೆಗೆ ಲವಂಗದೆಣ್ಣೆಯ ಹತ್ತಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೀಬೋರ್ಡು ಕುಟ್ಟುತ್ತ ಕೂತಿರುತ್ತಿದ್ದರು. ವರ್ಷಗಟ್ಟಲೆ ಹಲ್ಲುನೋವು ಅನುಭವಿಸಿದರೂ ಡಾಕ್ಟರ ಹತ್ತಿರ ಹೋದವರಲ್ಲ. ಹಲ್ಲು ಕೊರೆಯುವ ಯಂತ್ರದ ಸದ್ದಿಗೆ ಅವರಿಗೆ ಅಂಜಿಕೆ.

ಆಪಾ ಹೆದರದ ವಸ್ತುವೇ ಕಡಿಮೆ. ಕುಕ್ಕರಿನ ಸೀಟಿ, ಬೀದಿನಾಯಿ, ಲಿಫ್ಟು, ರಸ್ತೆ ದಾಟುವುದು... ಗುಡುಗು ಕೇಳಿದರೆ ಕಂಪ್ಯೂಟರಿನ ವೈರು ಕಿತ್ತಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತುಬಿಡುತ್ತಿದ್ದರು. ಗಲ್ಲಿಯವರು ನಗುತ್ತಿದ್ದರು. ನಾನೂ ಮುಖ ತಿರುಗಿಸಿ ನಕ್ಕಿದ್ದುಂಟು.

ನಾನು ಹಲಬರ್ಗಾದವಳು. ಭಾಲ್ಕಿಯಲ್ಲಿ ಡಿಗ್ರಿ ಮುಗಿಸಿ, ಕೆಲಸ ಕಲಿಯಲೆಂದು ದಿನಾ ರೈಲಿನಲ್ಲಿ ಬೀದರಿಗೆ ಹೋಗಿಬರುತ್ತಿದ್ದೆ. ಆಪಾ ಹಿಂದೆ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ತಾಯಿ ಹಾಸಿಗೆ ಹಿಡಿದ ಮೇಲೆ ಕೆಲಸ ಬಿಟ್ಟು, ಮನೆಯಲ್ಲೇ ಕೂತು ಶಾಲೆಗಳಿಗೆ, ದಾಲ್ ಮಿಲ್ಲುಗಳಿಗೆ ಪ್ರೋಗ್ರಾಮು ಬರೆದುಕೊಡುತ್ತಿದ್ದರು. ಎಲ್ಲವನ್ನೂ ಲಿಸ್ಪ್ ಎಂಬ ಹಳೆಯ ಭಾಷೆಯಲ್ಲೇ ಬರೆಯುವರು. ಯಾರೂ ಕೇಳದ ಭಾಷೆ ಇದು, ಇದನ್ನ ಯಾಕ ಹಿಡಿದೀರಿ ಎಂದು ಒಮ್ಮೆ ಕೇಳಿದ್ದೆ. "ಇದರಾಗ ನಡಿಯೋ ಪ್ರೋಗ್ರಾಮಿನೊಳಗೇ ಕೈ ಹಾಕಿ ರಿಪೇರಿ ಮಾಡ್ಬಹುದು ಬೇಟಾ, ನಿಲ್ಲಸೋದು ಬೇಕಾಗಂಗಿಲ್ಲ. ನಿಲ್ಲಸಿದ್ದು ಮತ್ತ ಸುರು ಆಗ್ಲಿಲ್ಲಂದ್ರ? ಅದೇ ನನಗ ಘಾಬ್ರಿ," ಎಂದಿದ್ದರು. ಅಲ್ಲಿಯೂ ಅಂಜಿಕೆಯೇ.

ಔರಾದದ ಒಂದು ಶಾಲೆಯ ಬಸ್ಸಿನ ಕೆಲಸ ಬಂದಾಗ ನಾನಿನ್ನೂ ಹೊಸಬಳು. ಬಸ್ಸಿನಲ್ಲಿ ಒಂದು ಸಣ್ಣ ಡಬ್ಬಿ ಇಡುವುದು, ಅದು ತಾನಿರುವ ಜಾಗವನ್ನು ಆಗಾಗ ಕಳಿಸುವುದು, ಶಾಲೆಯ ಕಂಪ್ಯೂಟರಿನಲ್ಲೂ ತಾಯಿತಂದೆಯರ ಮೊಬೈಲಿನಲ್ಲೂ ಬಸ್ಸು ಒಂದು ಚುಕ್ಕೆಯಾಗಿ ಕಾಣುವುದು. ಇಷ್ಟೇ ಕೆಲಸ. ಆಪಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದರು.

"ಬಸ್ ಅಂದ್ರ ಏನಂತ ಮೊದಲ ಹೇಳಿಡ್ತೇವಿ. ಅದಕ್ಕ ನಂಬರಿನ ಖಾನೆ ಅದ, ಡ್ರೈವರಿನ ಖಾನೆ ಅದ, ಈಗ ಎಲ್ಲಿ ಅದ ಅಂಬೋ ಜಾಗದ ಖಾನೆ ಅದ. ಹೇಳಿದ್ದಷ್ಟಕ್ಕ ಬಸ್ ಹುಟ್ಟಂಗಿಲ್ಲ. ಮೇಕ್ ಇನ್‌ಸ್ಟನ್ಸ್ ಅಂದಾಗ ಒಂದು ಹುಟ್ತದ. ಆಮ್ಯಾಲೆ ಯಾವ ಬಸ್, ಯಾವ ಖಾನೆ ಅಂತ ಹೆಸರ ಹಿಡಿದು ಕೇಳಿದ್ರ ಅದರಾಗ ಏನದ ಅದು ಕೈಗಿ ಬರ್ತದ."

ಹೊಸ ಬಸ್ಸಿನ ಜಾಗದ ಖಾನೆಯಲ್ಲಿ ಸದ್ಯಕ್ಕೆ ಸೊನ್ನೆ ಹಾಕಿಡಲೇ ಎಂದು ಕೇಳಿದೆ. ಆಪಾ ನನ್ನ ಕೈಯನ್ನೇ ಹಿಡಿದರು. "ನಕ್ಕೋ, ಬ್ಯಾಡ. ಗೊತ್ತಿಲ್ಲಂದ್ರ ಖಾಲಿ ಬಿಡು. ಖಾಲಿ ಖಾನೆಗಿ ಕೈ ಹಾಕಿದ್ರ ಲಿಸ್ಪ್ ಚೀರ್ತದ. ಚೀರ್ಲಿ. ಸುಳ್ಳ ಹೇಳೋದಕಿಂತ ಚೀರೋದು ಛಲೋ."

ಒಂದು ಬಸ್ಸಿನೊಂದಿಗೆ ಅದು ಚೆನ್ನಾಗಿ ನಡೆಯಿತು. ಮುಂದಿನ ಮಳೆಗಾಲದಲ್ಲಿ ಶಾಲೆಯವರು ಸಣ್ಣ ಮಕ್ಕಳಿಗೆಂದು ಇನ್ನೊಂದು ಸಣ್ಣ ಬಸ್ಸು ತಂದರು. ಅದನ್ನು ಪ್ರೋಗ್ರಾಮಿಗೆ ಸೇರಿಸಲು ನಾವಿಬ್ಬರೂ ಔರಾದಕ್ಕೆ ಹೋದೆವು. ನನಗೆ ಆ ಬಸ್ಸಿನ ಬಗ್ಗೆ ವಿಶೇಷ ಖುಷಿ. ಠಾಣಾ ಕುಶನೂರಿಗೆ ಕೊಟ್ಟ ನಮ್ಮ ಅಕ್ಕನ ಮಗಳು, ಒಂದನೇ ತರಗತಿಯವಳು, ಅದರಲ್ಲೇ ಹೋಗಿಬರುವವಳು.

ಬೆಳಿಗ್ಗೆ ಹೊಸ ಬಸ್ಸಿಗೆ ಹಾರ ಹಾಕಿ ನಿಂಬೆಹಣ್ಣು ಕಟ್ಟಿದ್ದರು. ಶಾಲೆಯ ದೊಡ್ಡ ಮೇಡಂ ಆಪಾನ ಬೆನ್ನ ಹಿಂದೆಯೇ ನಿಂತು ಜಲ್ದಿ ಮಾಡ್ರಿ, ಜಲ್ದಿ ಮಾಡ್ರಿ ಅನ್ನುತ್ತಿದ್ದರು. ಆಪಾ ಅವಸರದಲ್ಲಿ ಒಂದು ಸಾಲು ಬರೆದರು. ಪರೀಕ್ಷೆ ಮಾಡಿದೆವು. ದೊಡ್ಡ ಬಸ್ಸು, ಸಣ್ಣ ಬಸ್ಸು ಎಂದು ಎರಡು ಹೆಸರು ಪರದೆಯ ಮೇಲೆ ಬಂದವು. ಎರಡೂ ಶಾಲೆಯ ಅಂಗಳವನ್ನೇ ತೋರಿಸಿದವು. ಬಸ್ಸುಗಳೂ ಅಂಗಳದಲ್ಲೇ ನಿಂತಿದ್ದವು. ಸರಿಯಾಗೇ ಇತ್ತಲ್ಲ...

ಆಮೇಲೆ ಆಪಾ ಸಣ್ಣ ಬಸ್ಸು ಹತ್ತಿ ಡ್ರೈವರ್ ಕಾಕಾಗೆ ಡಬ್ಬಿ ತೋರಿಸಿದರು. ಹಸಿರು ದೀಪ ಇದ್ದರೆ ನೀವು ನಮಗೆ ಕಾಣ್ತೀರಿ, ಕೆಂಪು ಆದರೆ ಕಾಣಂಗಿಲ್ಲ ಎಂದು ಹೇಳಿ ಇಳಿದರು. ಮತ್ತೆ ಹತ್ತಿ ಅದನ್ನೇ ಹೇಳಿದರು. ಡಬ್ಬಿಗೆ ಅದರದೇ ಬ್ಯಾಟರಿ ಇದೆ, ಕಿತ್ತು ಕೈಯಲ್ಲಿ ಹಿಡಿದರೂ ನಡೆಯುತ್ತದೆ ಎಂದು ಕಿಟಕಿಯಿಂದ ಇನ್ನೊಮ್ಮೆ ಹೇಳಿದರು. "ಎಷ್ಟ್ ಸಲ ಹೇಳ್ತೀರಿ ಆಪಾ, ನಾ ಏನ್ ಸಣ್ಣ ಹುಡುಗ ಇದ್ದೀನೇನು," ಎಂದು ಕಾಕಾ ನಕ್ಕ.

ಮಧ್ಯಾಹ್ನದ ಊಟದ ಹೊತ್ತಿಗೆ ಮಳೆ ಹಿಡಿಯಿತು. ಬೀದರಿನ ಕಡೆ ಇಂಥ ಮಳೆ ಅಪರೂಪ. ಅಂಗಳದ ಬೇವಿನ ಮರ ಕಾಣದಷ್ಟು. ದೊಡ್ಡ ಮೇಡಂ ಶಾಲೆ ಬೇಗ ಬಿಟ್ಟರು. ದೊಡ್ಡ ಬಸ್ಸು ಮೊದಲು ಹೊರಟಿತು. ಸಣ್ಣದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ಕೂರಿಸಿಕೊಂಡು ಸ್ವಲ್ಪ ತಡವಾಗಿ ಹೊರಟಿತು. ಎರಡೂ ಕುಶನೂರಿನ ಕಡೆಗೇ. ಸಣ್ಣದು ದಾರಿಯಲ್ಲಿ ಹತ್ತಾರು ಮನೆಗಳ ಒಂದು ವಾಡಿಗೂ ಹೋಗಿ ನಾಲ್ಕಾರು ಮಕ್ಕಳನ್ನು ಇಳಿಸಿ ಹೋಗಬೇಕು. ಆ ಊರುಗಳಿಗೆ ಅಡ್ಡವಾಗಿ ಒಂದು ಹಳ್ಳ. ಡಾಂಬರು ರಸ್ತೆಯೂ ಅದನ್ನು ದಾಟುತ್ತದೆ, ವಾಡಿಯ ಮಣ್ಣಿನ ದಾರಿಯೂ ದಾಟುತ್ತದೆ.

ಬಸ್ಸುಗಳು ಹೊರಡುವ ಹೊತ್ತಿಗೇ ಕರೆಂಟು ಹೋಗಿ ಪರದೆ ಕಪ್ಪಾಯಿತು. ಕಂಪ್ಯೂಟರು ಬ್ಯಾಟರಿಯ ಮೇಲೆ ನಡೆಯುತ್ತಲೇ ಇತ್ತು. ಕರೆಂಟು ಬಂದಾಗ ನೋಡಿದರೆ ಎರಡೂ ಬಸ್ಸುಗಳು ಕುಶನೂರಿನ ಬಸ್ ಸ್ಟ್ಯಾಂಡಿನಲ್ಲಿದ್ದವು. ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟು ಚಹಾ ತರಿಸಿದರು.

ಅಕ್ಕನ ಫೋನು ಬಂದದ್ದು ಆಗ.

"ಏನೇ, ಸಣ್ಣ ಬಸ್ ಯಾಕ ಇನ್ನಾ ಬಂದಿಲ್ಲ?"

"ಬಂದದ ಅಕ್ಕಾ. ನಿಮ್ಮೂರ ಬಸ್ ಸ್ಟ್ಯಾಂಡಿನಾಗೇ ನಿಂತದ. ನನಗ ಇಲ್ಲಿ ಕಾಣ್ಲತ್ತದ."

ಫೋನಿನಲ್ಲಿ ಮಳೆಯ ಸದ್ದು ಕೇಳುತ್ತಿತ್ತು. "ನಾ ಬಸ್ ಸ್ಟ್ಯಾಂಡಿನಾಗೇ ನಿಂತೀನಿ. ಇಲ್ಲಿ ದೊಡ್ಡ ಬಸ್ ಒಂದೇ ಅದ," ಅಂದಳು. ಫೋನು ಕಟ್ಟಾಯಿತು.

ಆಪಾನ ಕಡೆ ತಿರುಗಿದೆ. ಅವರು ಅಕ್ಕನ ಮಾತು ಕೇಳಿಸಿಕೊಂಡಿದ್ದರು. ಚಹಾದ ಕಪ್ಪು ಕೆಳಗಿಟ್ಟು ಪರದೆಗೆ ಮುಖ ಹತ್ತಿರ ತಂದರು. ಎರಡು ಚುಕ್ಕೆಗಳು ಒಂದರ ಮೇಲೊಂದು ಕೂತಿದ್ದವು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಎರಡು ಬಸ್ಸುಗಳು ಹಾಗೆ ನಿಲ್ಲಲು ಸಾಧ್ಯವಿಲ್ಲ.

ಆಪಾ ಒಂದು ಸಾಲು ಬರೆದು ಪ್ರೋಗ್ರಾಮನ್ನು ಕೇಳಿದರು: ಈ ದೊಡ್ಡ ಬಸ್ಸು, ಈ ಸಣ್ಣ ಬಸ್ಸು, ಎರಡೂ ಒಂದೇನಾ? ಕೆಳಗೆ ಒಂದೇ ಒಂದು ಅಕ್ಷರ ಮೂಡಿತು. ಟಿ. ಲಿಸ್ಪ್‌ನಲ್ಲಿ ಟಿ ಅಂದರೆ ಹೌದು.

ಅಂಥ ಮುಖವನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ. ಬೆಳಗಿನ ಅವಸರದ ಸಾಲಿನಲ್ಲಿ ಎರಡು ಹೆಸರಿನ ಪಟ್ಟಿ ಹುಟ್ಟಿತ್ತು, ಬಸ್ಸು ಮಾತ್ರ ಒಂದೇ ಹುಟ್ಟಿತ್ತು. ಆ ಒಂದನ್ನೇ ಪಟ್ಟಿಯ ಎರಡೂ ಕಡೆ ಇಟ್ಟಂತಾಗಿತ್ತು. ಯಾವ ಡಬ್ಬಿ ಜಾಗ ಕಳಿಸಿದರೂ ಅದೇ ಒಂದು ಖಾನೆಯಲ್ಲಿ ಬರೆದುಕೊಳ್ಳುತ್ತಿತ್ತು. ದೊಡ್ಡ ಬಸ್ಸು ಊರು ಮುಟ್ಟಿ ಅಲ್ಲಿಂದ ಜಾಗ ಕಳಿಸುತ್ತಿತ್ತು. ಸಣ್ಣದು ಎಲ್ಲೋ ಸುಮ್ಮನಾಗಿತ್ತು. ಸುಮ್ಮನಾದದ್ದೂ ಊರು ಮುಟ್ಟಿದಂತೆ ಕಾಣುತ್ತಿತ್ತು.

"ಅದು ಮೊದಲ ಎಲ್ಲಿತ್ತು, ತೆಗಿಲಿಕ್ಕಿ ಬರ್ತದೇನ್ರಿ?" ನಾನು ಕೇಳಿದೆ.

"ಇಲ್ಲ ಬೇಟಾ. ಅದರ ಮ್ಯಾಲೇ ಇದು ಬರದುಬಿಟ್ಟದ."

ಡ್ರೈವರ್ ಕಾಕಾನ ಮೊಬೈಲಿಗೆ ಮೇಡಂ ಮತ್ತೆ ಮತ್ತೆ ಹಚ್ಚಿದರು. ವ್ಯಾಪ್ತಿಯಲ್ಲಿಲ್ಲ ಎಂಬ ಹೆಣ್ಣುದನಿ ಬಿಟ್ಟರೆ ಏನೂ ಬರಲಿಲ್ಲ. ಅಷ್ಟರಲ್ಲಿ ಯಾರೋ ಮೋಟರ್ ಸೈಕಲ್ಲಿನವನು ಬಂದು, ಹಳ್ಳ ಡಾಂಬರು ರಸ್ತೆಯ ಮೇಲೆ ಹರೀಲತ್ತದ ಎಂದ.

ಆಪಾನ ಬೆರಳಿಗೆ ತಪ್ಪು ಕೀಲಿ ಬೀಳುತ್ತಿತ್ತು, ಅಳಿಸುತ್ತಿದ್ದರು, ಮತ್ತೆ ಬೀಳುತ್ತಿತ್ತು. ಆದರೂ ಕುರ್ಚಿ ನನಗೆ ಬಿಡಲಿಲ್ಲ. ಪ್ರೋಗ್ರಾಮನ್ನು ನಿಲ್ಲಿಸದೆಯೇ ಒಳಗೆ ಕೈ ಹಾಕಿದರು. ಒಂದು ಬಸ್ಸು ಹುಟ್ಟಿಸಿ ಪಟ್ಟಿಯ ಮೊದಲ ಜಾಗದಲ್ಲಿಟ್ಟರು. ಬೇರೆ ಸಾಲಿನಲ್ಲಿ ಇನ್ನೊಂದು ಬಸ್ಸು ಹುಟ್ಟಿಸಿ ಎರಡನೆಯ ಜಾಗದಲ್ಲಿಟ್ಟರು. ಮತ್ತೆ ಕೇಳಿದರು, ಎರಡೂ ಒಂದೇನಾ? ಈ ಸಲ ಅಲ್ಲ ಎಂದಿತು. ದೊಡ್ಡ ಬಸ್ಸಿನ ಖಾನೆ ಸ್ವಲ್ಪ ಹೊತ್ತಿಗೆ ತುಂಬಿತು: ಕುಶನೂರು. ಸಣ್ಣ ಬಸ್ಸಿನ ಜಾಗ ಕೇಳಿದರೆ ಲಿಸ್ಪ್ ಚೀರಿತು. ಈ ಖಾನೆಯಲ್ಲಿ ಏನೂ ಇಲ್ಲ ಎಂಬ ಮಾತು ಪರದೆಯ ತುಂಬ ಹರಡಿತು. ನಕ್ಷೆಯಲ್ಲಿ ಸಣ್ಣ ಬಸ್ಸಿನ ಚುಕ್ಕೆ ಇಲ್ಲವಾಯಿತು.

ದೊಡ್ಡ ಮೇಡಂ ಬಾಗಿಲು ಮುಂದಕ್ಕೆ ಮಾಡಿ ತಗ್ಗಿದ ದನಿಯಲ್ಲಿ ಹೇಳಿದರು, "ಖಾಲಿ ಬಿಡಬ್ಯಾಡ್ರಿ ಆಪಾ. ಎಲ್ಲಾರ ಮೊಬೈಲಿನಾಗ ಕಾಣ್ತದ. ಸದ್ಯಕ್ಕ ಸಾಲಿ ಜಾಗ ಹಾಕ್ರಿ. ಬಸ್ ಸಿಕ್ಕ ಮ್ಯಾಲೆ ತಿದ್ದರಿ. ಇಲ್ಲಂದ್ರ ಮಂದಿ ನನ್ನ ಸಾಲಿ ಉಳಿಸಂಗಿಲ್ಲ."

ಅವರದೂ ಭಯವೇ, ಈಗ ಅರ್ಥವಾಗುತ್ತದೆ. ಆಗ ನನಗೆ ಅವರ ಮುಖ ನೋಡಲಾಗಲಿಲ್ಲ.

"ನಕ್ಕೋ ಮೇಡಂ," ಅಂದರು ಆಪಾ. "ಸಾಲ್ಯಾಗ ಅದ ಅಂತ ಕಂಡ್ರ ಯಾರೂ ಹುಡುಕ್ಲಿಕ್ಕಿ ಹೋಗಂಗಿಲ್ಲ."

ರಸ್ತೆ ದಾಟಲು ನನ್ನ ತೋಳು ಹಿಡಿಯುತ್ತಿದ್ದ ಹೆಂಗಸು ಎದ್ದು ತಾವೇ ಬಾಗಿಲು ತೆರೆದರು. ಹೊರಗೆ ಔರಾದಕ್ಕೆ ಬಂದಿದ್ದ ತಾಯಿತಂದೆಯರು, ವಾಡಿಯ ಮಕ್ಕಳ ಸಂಬಂಧಿಕರು ಆಗಲೇ ಸೇರುತ್ತಿದ್ದರು. ಆಪಾ ಹೊಸ್ತಿಲಲ್ಲಿ ನಿಂತು ದುಪಟ್ಟಾದ ತುದಿ ಹಿಂಡುತ್ತ ಹೇಳಿದರು. "ಇಷ್ಟೊತ್ತು ನೀವು ನೋಡಿದ್ದು ಸುಳ್ಳರಿ. ಸಣ್ಣ ಬಸ್ ಕುಶನೂರ ಮುಟ್ಟಿಲ್ಲ. ಎಲ್ಲಿ ಅದ ನಮಗ ಗೊತ್ತಿಲ್ಲ. ಬರಿಯೋದ್ರಾಗ ನಾ ತಪ್ಪ ಮಾಡೀನಿ."

ಒಬ್ಬ ತಂದೆ ಒಳನುಗ್ಗಿ ಮೇಜು ಗುದ್ದಿದ. ಕಂಪ್ಯೂಟರು ಅಲುಗಾಡಿತು. ಆಪಾ ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು, "ನನಗ ಹೊಡೀರಿ, ಇದನ್ನ ಮುಟ್ಟಬ್ಯಾಡ್ರಿ. ಇದು ಬಂದಾದ್ರ ಬಸ್ಸಿನ ಮಾತು ಕೇಳೋರು ಯಾರೂ ಇಲ್ಲ," ಎಂದರು. ಅವನು ಕೈ ಇಳಿಸಿ ಗೋಡೆಗೆ ಒರಗಿ ಅಳತೊಡಗಿದ.

ಒಬ್ಬರು ಟ್ರ್ಯಾಕ್ಟರು ತಂದು ಗೇಟಿನಲ್ಲಿ ನಿಲ್ಲಿಸಿದರು. ಹಗ್ಗ ಬಂತು, ನಾಲ್ಕು ಜನ ಗಟ್ಟಿಗರು ಹತ್ತಿದರು. ಆದರೆ ಯಾವ ಕಡೆ? ಡಾಂಬರು ರಸ್ತೆಗೆ ಹೋಗಿ, ಅಲ್ಲಿಲ್ಲವೆಂದು ತಿರುಗಿ ವಾಡಿಗೆ ಹೋಗುವುದರೊಳಗೆ ನೀರು ಏನು ಮಾಡುತ್ತದೋ. ಒಬ್ಬ ಹೀಗೆ ಅಂದ, ಇನ್ನೊಬ್ಬ ಹಾಗೆ ಅಂದ. ಕಡೆಗೆ ಎಲ್ಲರೂ ಕಿಟಕಿಯ ಹೊರಗಿಂದ ಆಪಾನ ಬೆನ್ನನ್ನೇ ನೋಡುತ್ತ ನಿಂತರು.

ಆಪಾ ಮತ್ತೆ ಮತ್ತೆ ಅದೇ ಖಾನೆಯನ್ನು ಕೇಳುತ್ತಿದ್ದರು. ಏನೂ ಇಲ್ಲ. ಮತ್ತೆ ಕೇಳುವುದು. ಏನೂ ಇಲ್ಲ. ನಾನು ಅವರ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ. ನೀರಿನೊಳಗೆ ಮುಳುಗಿದ ಡಬ್ಬಿಯೂ ಹೀಗೇ ಸುಮ್ಮನಿರುತ್ತದಲ್ಲವೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಹೊತ್ತು ಎಷ್ಟಿತ್ತೋ... ನೆನಪಿನಲ್ಲಿ ಅದಕ್ಕೆ ಅಳತೆಯಿಲ್ಲ. ಅಕ್ಕನ ಮಗಳ ಎರಡು ಜಡೆ, ಬೆಳಿಗ್ಗೆ ಹೊಸ ಬಸ್ಸಿನ ಕಿಟಕಿಯಿಂದ ನನಗೆ ಕೈ ಬೀಸಿದ್ದು, ಇಷ್ಟೇ ಕಣ್ಣೆದುರಿಗೆ ಬರುತ್ತಿತ್ತು.

ಆಮೇಲೆ ಒಂದು ಸಲ ಕೇಳಿದಾಗ ಲಿಸ್ಪ್ ಚೀರಲಿಲ್ಲ. ಎರಡು ಉದ್ದನೆಯ ಅಂಕೆಗಳನ್ನು ತೋರಿಸಿತು.

ನಾನು ನಕ್ಷೆಯಲ್ಲಿ ನೋಡಿದೆ. ವಾಡಿಯ ದಾರಿ. ಹಳ್ಳಕ್ಕೆ ಸ್ವಲ್ಪ ಈಚೆ, ದಾರಿ ಬಿಟ್ಟು ಸೋಯಾ ಹೊಲದ ಒಳಗೆ. ಕಿಟಕಿಯಿಂದ ಕೂಗಿದೆ. ಟ್ರ್ಯಾಕ್ಟರು ಹೊರಟೇ ಹೋಯಿತು.

ಖಾನೆ ಮತ್ತೆ ತುಂಬಿತು, ಅದೇ ಜಾಗ. ಮತ್ತೊಮ್ಮೆ, ಅದೇ ಜಾಗ. ಡಬ್ಬಿ ನೀರಿಗೆ ಬಿದ್ದಿಲ್ಲ ಎಂದಷ್ಟೇ ಅದರ ಅರ್ಥ. ಮಕ್ಕಳ ಖಾನೆ ಅದರಲ್ಲಿ ಇರಲಿಲ್ಲ. ಆಪಾ ಸದ್ದಿಲ್ಲದೆ ತುಟಿ ಅಲುಗಿಸುತ್ತಿದ್ದರು. ನಮಾಜಿನ ಹೊತ್ತಲ್ಲ, ಆದರೂ ಏನನ್ನೋ ಓದುತ್ತಿದ್ದರು. ಬಹಳ ಹೊತ್ತಿನ ಮೇಲೆ ಅಂಕೆಯ ತುದಿ ಬದಲಾಯಿತು. ನಂತರ ಇನ್ನಷ್ಟು. ಚುಕ್ಕೆ ಹೊಲ ಬಿಟ್ಟು ದಾರಿಗೆ ಬಂತು. ಔರಾದದ ಕಡೆಗೆ ತಿರುಗಿತು. ಆಪಾ ಮೇಜಿನ ಮೇಲೆ ಹಣೆಯಿಟ್ಟರು.

ಸಂಜೆಗೆ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಮಕ್ಕಳು ಬಂದರು, ತಾಡಪತ್ರಿಯ ಕೆಳಗೆ ಒಬ್ಬರಿಗೊಬ್ಬರು ಅಂಟಿಕೊಂಡು. ಎಲ್ಲರೂ ಇದ್ದರು. ಡ್ರೈವರ್ ಕಾಕಾ ಡಾಂಬರು ರಸ್ತೆಯ ಮೇಲೆ ನೀರು ಕಂಡು ವಾಡಿಯ ದಾರಿ ಹಿಡಿದಿದ್ದ. ಅಲ್ಲೂ ಹಳ್ಳ ಏರಿ ಬರುತ್ತಿದ್ದುದನ್ನು ನೋಡಿ ಬಸ್ಸನ್ನು ಹೊಲಕ್ಕೆ ತಿರುಗಿಸಿದ್ದ. ಎರೆಮಣ್ಣಿನಲ್ಲಿ ಗಾಲಿ ಹೂತುಹೋಯಿತು. ನೀರು ಮೆಟ್ಟಿಲು ಮುಟ್ಟಿತ್ತು. ಮಕ್ಕಳ ಜೊತೆಗಿದ್ದ ಆಯಾಬಾಯಿ ಅವರನ್ನೆಲ್ಲ ಸೀಟಿನ ಮೇಲೆ ನಿಲ್ಲಿಸಿ, ಕಂಬಿ ಹಿಡಿಸಿ, ಮಗ್ಗಿ ಹೇಳಿಸುತ್ತಿದ್ದಳಂತೆ. ಕಾಕಾನ ಮೊಬೈಲು ಒದ್ದೆಯಾಗಿ ಸತ್ತಿತ್ತು. ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. "ಕೆಂಪು ಇದ್ರ ನಾವು ನಿಮಗ ಕಾಣಂಗಿಲ್ಲ ಅಂದಿದ್ರಲ್ರಿ ಆಪಾ," ಎಂದು ಅವನು ಆಪಾಗೆ ಹೇಳಿದ. ಡಬ್ಬಿ ಕಿತ್ತುಕೊಂಡು ಬಸ್ಸಿನ ಮೇಲೆ ಹತ್ತಿ, ಮಳೆಯಲ್ಲಿ ಅಂಗಿಯೊಳಗೆ ಮುಚ್ಚಿ ಹಿಡಿದು, ದೀಪ ಹಸಿರಾಗುವವರೆಗೂ ನಿಂತಿದ್ದ. ಆಪಾ ಅವನ ಮುಖವನ್ನೇ ನೋಡಿದರು.

ಅಕ್ಕನ ಮಗಳು ನನ್ನ ಸೊಂಟ ತಬ್ಬಿಕೊಂಡು, "ಮೌಶಿ, ನನ್ನ ಚಪ್ಪಲಿ ಹೋಯ್ತು," ಎಂದು ಅತ್ತಳು. ಹಳ್ಳ ಇಳಿದು ಊರಿಗೆ ಹೋಗುವವರೆಗೂ ನನ್ನ ಓಢಣಿಯ ಚುಂಗು ಬಿಡಲಿಲ್ಲ. ಆಮೇಲೆ ಎಷ್ಟೋ ತಿಂಗಳು ಬಸ್ಸು ಹತ್ತಲಿಲ್ಲ.

ಶಾಲೆಯವರು ಆ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಔರಾದದಿಂದ ಬೀದರಿಗೆ ಮರಳುವ ಬಸ್ಸಿನಲ್ಲಿ ಆಪಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದವರು, ಸಂತಪುರ ದಾಟಿದ ಮೇಲೆ ಮೆಲ್ಲಗೆ, "ಹೆಸರ ಎರಡ ಇದ್ದವು ಬೇಟಾ. ನಾ ಬಸ್ಸೂ ಎರಡ ಅವ ಅಂದ್ಕೊಂಡೆ," ಎಂದರು. ಅಷ್ಟೇ.

ಆ ದಿನದ ನಂತರ ನಾನು ಅವರ ಅಂಜಿಕೆಗೆ ನಕ್ಕಿಲ್ಲ. ಅವರೂ ಧೈರ್ಯವಂತರಾಗಲಿಲ್ಲ, ಮೊದಲಿಗಿಂತ ಹೆಚ್ಚೇ ಹೆದರುತ್ತಿದ್ದರು. ಏನು ಬರೆದರೂ ಎರಡೆರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೇನಾ ಬೇರೇನಾ ಎಂದು ಕೇಳದೆ ಏಳುತ್ತಿರಲಿಲ್ಲ. ನನಗೂ ಹಾಗೇ ಮಾಡಿಸುತ್ತಿದ್ದರು. ನಾನು ಭಾಲ್ಕಿಯ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೂ, ಪ್ರತಿ ಮಳೆಗಾಲ ಜೋರು ಮಳೆ ಬಿದ್ದ ದಿನ ಅವರ ಫೋನು ಬರುತ್ತಿತ್ತು. ನಮಸ್ಕಾರವಿಲ್ಲ, ಕುಶಲವಿಲ್ಲ. "ನಿಮ್ಮ ಅಕ್ಕನ ಮಗಳು ಮನಿ ಮುಟ್ಟ್ಯಾಳ?" ಮುಟ್ಟಿದ್ದಾಳೆ ಎಂದರೆ, "ಯಾರ ಹೇಳಿದ್ರು? ನಿಮ್ಮ ಅಕ್ಕನ್ನೇ ಕೇಳಿದ್ಯಾ?" ಎಂದು ಇನ್ನೊಂದು ಪ್ರಶ್ನೆ.

ಒಂದು ವರ್ಷ ಜೋರು ಮಳೆಯಾಯಿತು, ಫೋನು ಬರಲಿಲ್ಲ. ಕೊನೆಗೂ ಆಪಾಗೆ ಅಂಜಿಕೆ ಬಿಟ್ಟಿತು ಅಂದುಕೊಂಡು ಸಮಾಧಾನಪಟ್ಟೆ... ಕೆಲವು ದಿನಗಳ ಮೇಲೆ ಅವರ ತಮ್ಮ ಹೇಳಿದ. ಆ ಮಳೆಗೆ ಮೊದಲೇ ಅವರು ತೀರಿಹೋಗಿದ್ದರು. ಎದೆನೋವು ಎರಡು ದಿನದಿಂದ ಇತ್ತಂತೆ, ಆಸ್ಪತ್ರೆಗೆ ಹೋಗಲು ಹೆದರಿದ್ದರಂತೆ. ನಾನು ಬೀದರಿಗೆ ಹೋದಾಗ ಮಾಳಿಗೆ ಕೋಣೆಗೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ಅಕ್ಕನ ಮಗಳು ಈಗ ಬೀದರಿನಲ್ಲಿ ನ‌ರ್ಸಿಂಗ್ ಓದುತ್ತಾಳೆ. ಶನಿವಾರ ಊರಿಗೆ ಹೋಗುತ್ತಾಳೆ. ಹೋದ ಶನಿವಾರ ಡಾಕ್ಟರ ಹತ್ತಿರದಿಂದ ಹೊರಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಅವಳಿಗೆ ಫೋನು ಹಚ್ಚಿದೆ, ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತು ಹಚ್ಚುತ್ತಲೇ ಇದ್ದೆ. ಕತ್ತಲಾಗುವ ಹೊತ್ತಿಗೆ ಅವಳೇ ಮಾಡಿದಳು. "ಮನಿಗಿ ಬಂದೀನಿ ಮೌಶಿ, ಚಾರ್ಜ್ ಇದ್ದಿದ್ದಿಲ್ಲ. ನೀ ಭಾಳ ಅಂಜ್ತಿ ನೋಡು," ಎಂದು ನಕ್ಕಳು. ನಾನೂ ಹೂಂ ಎಂದು ನಕ್ಕಂತೆ ಮಾಡಿದೆ.

ಫೋನಿಟ್ಟ ಮೇಲೂ ಅಂಜಿಕೆ ಹೋಗಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ನಗದೆ ಕೇಳುವವರು, ಕೇಳಿ ತಾವೂ ನನ್ನಷ್ಟೇ ಹೆದರುವವರು ಒಬ್ಬರೇ ಇದ್ದರು. ಆಮೇಲೆ ಅಕ್ಕನಿಗೇ ಫೋನು ಮಾಡಿ, ಮಗಳು ಮನೆ ಮುಟ್ಟಿದ್ದಾಳಾ ಎಂದು ಕೇಳಿದೆ. ಇಲ್ಲೇ ನನ್ನೆದುರಿಗೇ ಕುಂತು ಉಣ್ಲತ್ತಾಳ, ಯಾಕ, ಎಂದಳು ಅಕ್ಕ. ಏನಿಲ್ಲ ಎಂದೆ.